ಮೇಷ್ಟ್ರು ಕೊಟ್ಟ ಉಪ್ಪು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ, ಅವನಿಗಿಂತ ಹತ್ತು ವರ್ಷ ಹಿರಿಯರಿಗೂ ಅವನು ‘ಹೂಂ ಅಣ್ಣ’. ಮೂರು ಮೆಟ್ಟಿಲು ಹತ್ತಿದರೆ ಅವನ ಕಟಿಂಗ್ ಶಾಪು. ಒಳಗೆ ಉದ್ದಕ್ಕೂ ಒಂದು ಕನ್ನಡಿ, ಅದರ ಕೆಳಗೆ ಕತ್ತರಿ, ಬಾಚಣಿಗೆ, ಪಟಿಕದ ಕಲ್ಲು, ನೀರು ಚಿಮುಕಿಸುವ ಬಾಟಲಿ ಇಡಲು ಒಂದು ಹಲಗೆ, ಹಲಗೆಯ ಕೆಳಗೆ ಒಂದು ಡ್ರಾಯರು. ತಿರುಗುವ ಕುರ್ಚಿ ಎರಡು. ಒಂದು ಅವನದು, ಇನ್ನೊಂದು ತೀರಿಹೋದ ಅವನ ಅಣ್ಣನದು. ಅಣ್ಣ ಹೋದ ಮೇಲೆ ಆ ಕುರ್ಚಿಯ ಪಕ್ಕ ಬೇರೆ ಯಾರನ್ನೂ ಅವನು ಕೆಲಸಕ್ಕೆ ನಿಲ್ಲಿಸಿರಲಿಲ್ಲ. ಸರದಿ ಕಾಯುವವರು ಅದರಲ್ಲಿ ಕೂತು ಪೇಪರ್ ಓದುತ್ತಿದ್ದರು, ಓದಿದ್ದನ್ನು ಅವನಿಗೆ ಹೇಳುತ್ತಿದ್ದರು. ಅವನು ಕತ್ತರಿ ಆಡಿಸುತ್ತಲೇ ಹೂಂಗುಟ್ಟುತ್ತಿದ್ದ.

ಹೂಂಗುಟ್ಟುವುದು ಅವನಿಗೆ ಕಸುಬಿನ ಜೊತೆಗೇ ಬಂದ ಪಾಠ. ಕೈಯಲ್ಲಿ ಕತ್ತಿ ಇರುವಾಗ ಯಾರ ಹತ್ತಿರವೂ ವಾದ ಮಾಡಬೇಡ, ಅವರಿಗೂ ಒಳ್ಳೆಯದಲ್ಲ, ನಿನಗೂ ಒಳ್ಳೆಯದಲ್ಲ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಅಪ್ಪ ಹೇಳಿದ್ದು ಕತ್ತಿ ಕೈಯಲ್ಲಿದ್ದಾಗ ಮಾತ್ರ. ಮಗ ಅದನ್ನು ಊಟ, ನಿದ್ದೆ, ಸಂಸಾರ ಎಲ್ಲಕ್ಕೂ ಎಳೆದುಕೊಂಡ. ಒಮ್ಮೆ ಹಿಂದಿನ ಓಣಿಯ ಇಬ್ಬರಿಗೆ ನಡುಗೋಡೆಯ ವಿಷಯದಲ್ಲಿ ಜಗಳ ಹತ್ತಿತು. ಸೋಮವಾರ ಒಬ್ಬ ಬಂದು ಕುರ್ಚಿಯಲ್ಲಿ ಕೂತು ತನ್ನ ಕಡೆಯ ನ್ಯಾಯ ಹೇಳಿದ. ಬುಧವಾರ ಇನ್ನೊಬ್ಬ ಬಂದು ಅವನದನ್ನು ಹೇಳಿದ. ನಾಲ್ಕು ಜನ ಹಿರಿಯರು ಸೇರಿ ಕೇಳಿದಾಗ ಇಬ್ಬರೂ ‘ಬೇಕಾದ್ರೆ ಹೂಂ ಅಣ್ಣನ್ನ ಕೇಳಿ’ ಎಂದು ಅವನನ್ನೇ ಸಾಕ್ಷಿ ಮಾಡಿಕೊಂಡರು. ಅವನನ್ನು ಕರೆಸಿ ಯಾರದು ಸರಿ ಎಂದು ಕೇಳಿದರೆ, ಇಬ್ಬರದೂ ಒಳ್ಳೆಯ ಕೂದಲು ಎಂದನಂತೆ. ಅದನ್ನು ಕೇಳಿ ಎಲ್ಲರೂ ನಕ್ಕ ನಗುವಿನಲ್ಲಿಯೇ ಅರ್ಧ ಜಗಳ ಕರಗಿತು.

ಮನೆಯಲ್ಲಿ ಇದ್ದವರು ಅವನು, ಅವನ ಹೆಂಡತಿ ಇಬ್ಬರೇ. ಅವಳು ದರ್ಜಿಗಳಿಂದ ಅಂಗಿಗಳ ಗಂಟು ತಂದು, ಕಾಜ ಹೊಲಿದು, ಗುಂಡಿ ಹಚ್ಚಿ ಕೊಡುತ್ತಿದ್ದಳು. ಮಾತು ಕಡಿಮೆ, ಆಡಿದರೆ ಸೂಜಿ ಚುಚ್ಚಿದಂತೆ, ನೆಟ್ಟಗೆ ಹೋಗಿ ಆಚೆ ಬರುತ್ತಿತ್ತು. ಯಾರೋ ಹೊಗಳಿದರೆಂದು ಅವನು ಕಾಲಿಗೆ ಹಿಡಿಯದ ಚಪ್ಪಲಿ ಕೊಂಡು ತಂದಾಗ, ಯಾರದೋ ಮಾತು ಕೇಳಿ ಹಾಡದ ರೇಡಿಯೋ ತಂದಾಗ ಅವಳು ಹೇಳುತ್ತಿದ್ದದ್ದು ಒಂದೇ ಮಾತು: “ನಿಮ್ಮಮ್ಮ ನಿಮಗೆ ಎಲ್ಲಾ ಮಾತೂ ಕಲಿಸಿದ್ರು, ‘ಬೇಡ’ ಅನ್ನೋದೊಂದು ಮರೆತುಬಿಟ್ರು.” ಅದಕ್ಕೂ ಅವನು ಹೂಂ ಅನ್ನುತ್ತಿದ್ದ.

ಐವತ್ತಾರನೆಯ ವಯಸ್ಸಿನಲ್ಲಿ ಅವನಿಗೆ ಬೆಳಗ್ಗೆ ಎದ್ದ ಕೂಡಲೇ ತಲೆಯ ಹಿಂಭಾಗ ಭಾರವೆನಿಸತೊಡಗಿತು. ಹೆಂಡತಿ ನಾಲ್ಕು ದಿನ ನೋಡಿ, ಐದನೆಯ ದಿನ ಕೈಹಿಡಿದುಕೊಂಡು ಬೀದಿಯ ತುದಿಯ ಕ್ಲಿನಿಕ್ಕಿಗೆ ನಡೆಸಿದಳು. ಅಲ್ಲಿ ಡಾಕ್ಟರು ಒಬ್ಬ ಹೆಣ್ಣುಮಗಳು, ಚಿಕ್ಕ ವಯಸ್ಸು, ದೊಡ್ಡ ತಾಳ್ಮೆ. ತೋಳಿಗೆ ಪಟ್ಟಿ ಸುತ್ತಿ ಎರಡು ಸಲ ನೋಡಿ, ಬಿ.ಪಿ. ನೂರ ಎಪ್ಪತ್ತರ ಮೇಲಿದೆ ಎಂದರು. ದಿನಕ್ಕೊಂದು ಮಾತ್ರೆ, ಬೆಳಗ್ಗೆ, ತಪ್ಪಿಸಬಾರದು. ಉಪ್ಪು ಕಡಿಮೆ ಮಾಡಬೇಕು. ತಿಂಗಳಿಗೆ ಬಂದು ತೋರಿಸಬೇಕು. ತಮ್ಮನ್ನು ಕೇಳದೆ ಬೇರೆ ಯಾವ ಮಾತ್ರೆಯನ್ನೂ ನುಂಗಬಾರದು. ನಾಲ್ಕಕ್ಕೂ ಅವನು ಹೂಂ ಅಂದ.

ಮಾತ್ರೆ ಕೊಂಡದ್ದು ಅವನ ಅಂಗಡಿಯ ಎದುರಿನ ಔಷಧಿ ಅಂಗಡಿಯಲ್ಲಿ. ಅದನ್ನು ನಡೆಸುತ್ತಿದ್ದಾಕೆಯನ್ನು ಬೀದಿಯವರೆಲ್ಲ ‘ಮೇಡಂ’ ಅನ್ನುತ್ತಿದ್ದರು. ಔಷಧಶಾಸ್ತ್ರ ಓದಿದವಳು, ಗಲ್ಲಾದ ಹಿಂದೆ ಕೂತು ಕೊಟ್ಟು ಕಳಿಸುವವಳಲ್ಲ, ಕೇಳಿ ಕಳಿಸುವವಳು. ಅವನನ್ನೂ ಕೇಳಿದಳು, ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ ಅಣ್ಣ ಎಂದು. ಆ ದಿನ ಅವನು ಇಲ್ಲ ಎಂದದ್ದು ನಿಜವೇ ಆಗಿತ್ತು.

ಎರಡು ವಾರದೊಳಗೆ ಅದು ಸುಳ್ಳಾಯಿತು. ಮೂವತ್ತನಾಲ್ಕು ವರ್ಷ ನಿಂತೇ ದುಡಿದವನ ಮಂಡಿ ಬಿಡುತ್ತದೆಯೇ? ಸಂಜೆಯ ಹೊತ್ತಿಗೆ ಎರಡೂ ಮಂಡಿ ಊದಿಕೊಂಡು, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ಅದನ್ನು ಕಂಡವನು ಸಾಮಾನು ಸಾಗಿಸುವ ಟೆಂಪೋದ ಡ್ರೈವರು. ಹದಿನೈದು ದಿನಕ್ಕೊಮ್ಮೆ ತಲೆ ಕೊಡಲು ಬರುವ, ಕೈ ದೊಡ್ಡದಾದ, ಮನಸ್ಸು ಅದಕ್ಕಿಂತ ದೊಡ್ಡದಾದ ಮನುಷ್ಯ. ಮೂಟೆ ಎತ್ತಿ ಎತ್ತಿ ಅವನ ಸೊಂಟವೂ ಹೋಗಿತ್ತು. ದೂರದ ಯಾವುದೋ ಅಂಗಡಿಯಿಂದ ನೋವಿನ ಮಾತ್ರೆಗಳನ್ನು ಡಬ್ಬಿಗಟ್ಟಲೆ ತಂದಿಟ್ಟುಕೊಂಡಿದ್ದ. ಮರುದಿನವೇ ಎರಡು ಶೀಟು ತಂದು ಕೊಟ್ಟ. “ಬೆಳಗ್ಗೆ ಒಂದು, ಸಾಯಂಕಾಲ ಒಂದು ಹಾಕು ಅಣ್ಣ. ಕುದುರೆ ಥರ ಓಡ್ತೀಯ. ಡಾಕ್ಟ್ರಿಗೆ ಮಾತ್ರ ಹೇಳೋಕೆ ಹೋಗ್ಬೇಡ, ಸುಮ್ನೆ ಬೈತಾರೆ.”

ಹಾಗೆ ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಹೂಂ ಅಂದ, ನುಂಗಿದ. ನೋವು ಮಾಯವಾಯಿತು. ಶೀಟುಗಳನ್ನು ಕನ್ನಡಿಯ ಕೆಳಗಿನ ಡ್ರಾಯರಿನಲ್ಲಿ ಇಟ್ಟುಕೊಂಡ. ಖಾಲಿಯಾಗುವ ಹೊತ್ತಿಗೆ ಡ್ರೈವರು ಮತ್ತೆ ತಂದು ತುಂಬುತ್ತಿದ್ದ. ಹೆಂಡತಿಗೆ ಹೇಳಲಿಲ್ಲ, ಹೇಳಬಾರದೆಂದಲ್ಲ, ಅವಳು ಕೇಳಲಿಲ್ಲ.

ತಿಂಗಳ ನಂತರ ಡಾಕ್ಟರು ನೋಡಿದರೆ ಬಿ.ಪಿ. ಇಳಿದೇ ಇಲ್ಲ. ಮಾತ್ರೆ ತಪ್ಪಿಸುತ್ತೀರಾ ಎಂದು ಕೇಳಿದರು. ಇಲ್ಲ, ಒಂದು ದಿನವೂ ತಪ್ಪಿಸಿಲ್ಲ. ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ? ಅವನು ಒಂದು ಗಳಿಗೆ ಯೋಚಿಸಿದ. ಡಾಕ್ಟರು ಕೇಳುತ್ತಿರುವುದು ಬಿ.ಪಿ.ಯ ಬಗ್ಗೆ; ತಾನು ನುಂಗುವುದು ಮಂಡಿಗೆ. ಮಂಡಿಗೂ ಬಿ.ಪಿ.ಗೂ ಏನು ನಂಟು? ಸುಮ್ಮನೆ ಹೇಳಿ ಪಾಪ ಆ ಡ್ರೈವರನ್ನು ಯಾಕೆ ಬೈಸಬೇಕು? ಇಲ್ಲ ಡಾಕ್ಟ್ರೇ ಎಂದ. ನೋವಿನ ಮಾತ್ರೆಯೇ ಬಿ.ಪಿ.ಯನ್ನು ಇಳಿಯಗೊಡದೆ ಹಿಡಿದಿಟ್ಟಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಡಾಕ್ಟರಿಗೆ ಗೊತ್ತಾಗುವ ದಾರಿ ಇರಲಿಲ್ಲ. ಅವರು ಬಿ.ಪಿ. ಮಾತ್ರೆಯನ್ನು ದುಪ್ಪಟ್ಟು ಮಾಡಿದರು. ಎರಡು ವಾರಕ್ಕೆ ಬಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು ಎಂದು ಚೀಟಿ ಬರೆದು ಕೊಟ್ಟರು. ಚೀಟಿಯನ್ನು ಅವನು ಜೋಪಾನವಾಗಿ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟ. ಅದು ಅಲ್ಲೇ ಹಳದಿಯಾಯಿತು.

ಇಷ್ಟರಲ್ಲಿ ಮೇಷ್ಟ್ರಿಗೆ ಅವನ ಬಿ.ಪಿ. ವಿಷಯ ಗೊತ್ತಾಯಿತು.

ಮೇಷ್ಟ್ರು ಎಂದರೆ ಅವನಿಗೆ ಲೆಕ್ಕ ಕಲಿಸಿದವರು. ನಿವೃತ್ತರಾಗಿ ಹದಿನಾರು ವರ್ಷವಾಗಿತ್ತು, ತಂಗಿಯ ಜೊತೆ ಪಕ್ಕದ ಬೀದಿಯಲ್ಲಿ ವಾಸ. ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಹತ್ತು ಗಂಟೆಗೆ ಸರಿಯಾಗಿ ಗಡ್ಡಕ್ಕೆ ಬರುತ್ತಿದ್ದರು. ಏಳರ ಮಗ್ಗಿ ಬಾರದ ಹುಡುಗನೆಂದು ಅವನ ಕಿವಿ ಹಿಂಡಿದ್ದ ಬೆರಳುಗಳು ಈಗ ನಡುಗುತ್ತಿದ್ದವು. ಅದಕ್ಕೇ ಮನೆಯಲ್ಲಿ ತಾವೇ ಗಡ್ಡ ತೆಗೆದುಕೊಳ್ಳಲು ಆಗುತ್ತಿರಲಿಲ್ಲ. ಅವರ ಕೆನ್ನೆಗೆ ನೊರೆ ಹಚ್ಚುವಾಗ ಅವನಿಗೆ ಈಗಲೂ ಒಂದು ಸಣ್ಣ ಭಯ, ಒಂದು ದೊಡ್ಡ ಅಕ್ಕರೆ.

ಮೇಷ್ಟ್ರಿಗೂ ಬಿ.ಪಿ. ಇತ್ತು. ಅವರು ಎರಡು ವರ್ಷದಿಂದ ಸಾಧಾರಣ ಉಪ್ಪು ಬಿಟ್ಟು, ಬಿ.ಪಿ. ಇರುವವರಿಗೆಂದೇ ಮಾರುವ ಬೇರೆ ಉಪ್ಪು ತಿನ್ನುತ್ತಿದ್ದರು. ತಮಗೆ ಒಳ್ಳೆಯದಾದದ್ದನ್ನು ಶಿಷ್ಯನಿಗೆ ಕೊಡದಿರುವುದು ಅವರ ಜಾಯಮಾನವಲ್ಲ. ಒಂದು ಗುರುವಾರ ಎರಡು ಪೊಟ್ಟಣ ತಂದು ಹಲಗೆಯ ಮೇಲಿಟ್ಟರು.

“ಇವತ್ತಿಂದ ಇದೇ ಉಪ್ಪು ಕಣೋ. ಮನೇಲಿರೋದನ್ನ ತೆಗೆದುಹಾಕು. ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೆ ಅಂತಾರೆ, ನಾನು ಮುಪ್ಪಿನಲ್ಲೇ ಉಪ್ಪು ಕೊಡ್ತಾ ಇದ್ದೀನಿ,” ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಮನೆಗೆ ಒಯ್ದಾಗ ಹೆಂಡತಿಯೂ ಸಂತೋಷಪಟ್ಟಳು. ಅವನ ಗೆಳೆಯರು ತಂದುಕೊಟ್ಟದ್ದರಲ್ಲಿ ಕೆಲಸಕ್ಕೆ ಬರುವಂಥದ್ದು ಇದೇ ಮೊದಲು ಎಂದಳು. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದರಿಂದ ಒಂದು ತಿಂಗಳಿಂದ ಇಬ್ಬರೂ ಸಪ್ಪೆ ಊಟ ಉಂಡು ಬೇಸತ್ತಿದ್ದರು. ಹೊಸ ಉಪ್ಪಿಗೆ ರುಚಿ ಸ್ವಲ್ಪ ಕಡಿಮೆ, ಕೊನೆಯಲ್ಲಿ ಒಂದಿಷ್ಟು ಕಹಿ. ಆದರೇನು, ಒಳ್ಳೆಯ ಉಪ್ಪು ತಾನೇ ಎಂದು ಅವಳು ಕೈ ಬಿಚ್ಚಿಯೇ ಹಾಕಿದಳು. ಅವನು ತಟ್ಟೆಯಲ್ಲಿ ಮತ್ತಷ್ಟು ಉದುರಿಸಿಕೊಂಡ.

ಐದು ವಾರ ಕಳೆಯಿತು. ಬಿಸಿಲು ಏರುತ್ತಿದ್ದ ಕಾಲ. ಮೊದಲು ಕಾಲಿನ ಬೆರಳುಗಳಲ್ಲಿ ಇರುವೆ ಹರಿದಂತೆ ಆಯಿತು. ಆಮೇಲೆ ತೊಡೆಗಳು ನೆನೆದ ಮರಳಿನ ಚೀಲದಂತೆ ಭಾರವಾದವು. ಅಂಗಡಿಯ ಮೂರು ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲಬೇಕಾಯಿತು. ಹೊಟ್ಟೆ ತೊಳಸುತ್ತಿತ್ತು. ಹೆಂಡತಿ ಕೇಳಿದರೆ ಸೆಕೆ ಎಂದ. ತನಗೆ ತಾನೇ ವಯಸ್ಸು ಎಂದುಕೊಂಡ. ಇನ್ನೊಂದು ನೋವಿನ ಮಾತ್ರೆ ಹೆಚ್ಚಿಗೆ ನುಂಗಿದ.

ಆ ಸೋಮವಾರ ಹತ್ತು ಗಂಟೆಗೆ ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತರು. ನೊರೆ ಹಚ್ಚಿ, ಬಲಗೆನ್ನೆ ಮುಗಿಸಿ, ಗದ್ದದ ಕೆಳಗೆ ಕತ್ತಿ ಇಡಬೇಕು, ಅಷ್ಟರಲ್ಲಿ ಅವನ ಮಂಡಿಗಳು ತನ್ನವಲ್ಲ ಎನಿಸಿದವು. ನೋವಿಲ್ಲ, ತಲೆ ಸುತ್ತೂ ಇಲ್ಲ. ಕಾಲಿನಲ್ಲಿ ಶಕ್ತಿಯೇ ಇಲ್ಲ, ಅಷ್ಟೆ. ಅವನು ಮೊದಲು ಮಾಡಿದ ಕೆಲಸ ಕತ್ತಿಯನ್ನು ಮಡಿಚಿ ಹಲಗೆಯ ಒಳಬದಿಗೆ ಸರಿಸಿದ್ದು. ಆಮೇಲೆ ಹಲಗೆಯನ್ನೇ ಹಿಡಿದುಕೊಂಡು ಅಣ್ಣನ ಕುರ್ಚಿಯವರೆಗೆ ಜಾರಿಕೊಂಡು ಹೋಗಿ ಕುಸಿದ. ಕನ್ನಡಿಯಲ್ಲಿ ಅದನ್ನು ಕಂಡ ಮೇಷ್ಟ್ರು ಎದ್ದರು. ಎಪ್ಪತ್ತನಾಲ್ಕು ವರ್ಷದ ಮುದುಕರು, ಒಂದು ಕೆನ್ನೆಗೆ ನೊರೆ, ಕೊರಳಿಗೆ ಬಿಳಿ ಬಟ್ಟೆ, ಆ ಮೂರು ಮೆಟ್ಟಿಲನ್ನು ಹೇಗೆ ಇಳಿದರೋ, ರಸ್ತೆ ಹೇಗೆ ದಾಟಿದರೋ. ಔಷಧಿ ಅಂಗಡಿಯಲ್ಲಿ ನಿಂತಿದ್ದವರು ದಾರಿ ಬಿಟ್ಟರು.

ಮೇಡಂ ಓಡಿ ಬಂದಳು. ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು. ನಾಡಿ ಒಂದು ಬಡಿದು, ಇನ್ನೊಂದು ಬಡಿಯಲೋ ಬೇಡವೋ ಎಂದು ಯೋಚಿಸಿದಂತೆ ನಿಧಾನವಾಗಿತ್ತು. ನಿಮಿಷಕ್ಕೆ ನಲವತ್ತೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದವರನ್ನು ಆಟೋ ತರಲು ಕಳಿಸಿ ಅವನ ಮುಂದೆ ಮಂಡಿಯೂರಿದಳು.

“ಅಣ್ಣ, ಬಿ.ಪಿ. ಮಾತ್ರೆ ಬಿಟ್ಟು ಇನ್ನೇನು ತಗೋತಾ ಇದ್ದೀರಿ?”

“ಏನೂ ಇಲ್ಲ.”

“ನೋವಿಗೆ? ನೆಗಡಿಗೆ? ಯಾರಾದ್ರೂ ಕೊಟ್ಟಿದ್ದು?”

ಅವನು ಡ್ರಾಯರಿನ ಕಡೆ ನೋಡಿದ. ಅವಳು ಎಳೆದಳು. ಹಳೆಯ ಬ್ಲೇಡುಗಳ ಪಕ್ಕ ಹನ್ನೊಂದು ಖಾಲಿ ಶೀಟುಗಳು, ಒಂದು ಅರ್ಧ ತುಂಬಿದ್ದು. ಅವಳು ಏನೂ ಬೈಯಲಿಲ್ಲ, ಹೆಸರು ಓದಿ ಒಂದು ಚೀಟಿಯಲ್ಲಿ ಬರೆದುಕೊಂಡಳು. ಆಮೇಲೆ ಅವನು ನಿರೀಕ್ಷಿಸಿರದ ಮಾತು ಕೇಳಿದಳು.

“ಉಪ್ಪು ಯಾವುದು ಹಾಕ್ತೀರಿ ಮನೇಲಿ? ಮಾಮೂಲಿ ಉಪ್ಪೇನಾ, ಇಲ್ಲ ಬಿ.ಪಿ. ಉಪ್ಪಾ?”

ಅವನ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಬಾಗಿಲಿಗೆ ಒರಗಿ ಮೇಷ್ಟ್ರು ಏದುಸಿರು ಬಿಡುತ್ತಿದ್ದರು; ನೊರೆ ಒಣಗಿ ಕೆನ್ನೆಯ ಮೇಲೆ ಸುಣ್ಣದ ಹಾಗೆ ಬಿರುಕು ಬಿಟ್ಟಿತ್ತು. ಈ ಹೆಂಗಸು ಇದನ್ನು ಕೇಳುತ್ತಿದ್ದಾಳೆ ಎಂದರೆ ಆ ಉಪ್ಪಿನಲ್ಲಿ ಏನೋ ಇದೆ ಎಂದು ಅವನಿಗೆ ಹೊಳೆದಿತ್ತು. ಮೇಷ್ಟ್ರ ಎದುರಿಗೆ ಅದನ್ನು ಹೇಳುವುದು ಅವನಿಂದ ಆಗದ ಕೆಲಸ. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಕಣ್ಣು ಮುಚ್ಚಿಕೊಂಡ.

“ನಾನು ಕೊಟ್ಟೆ,” ಎಂದರು ಮೇಷ್ಟ್ರು. “ಎರಡು ಪೊಟ್ಟಣ. ಹದಿನೈದು ದಿನದ ಹಿಂದೆ ಇನ್ನೆರಡು. ಬರ್ಕೊಳ್ಳಮ್ಮ.”

ಅವಳು ಬರೆದುಕೊಂಡಳು. ಮೂರು ಸಾಲಿನ ಆ ಚೀಟಿಯನ್ನು ಅವನ ಜೇಬಿಗೆ ಪಿನ್ನು ಹಾಕಿ ಸಿಕ್ಕಿಸಿ, ಆಟೋದಲ್ಲಿ ತಾನೇ ಜೊತೆಗೆ ಹೋದಳು. ಆ ಚೀಟಿ ಇಲ್ಲದಿದ್ದರೆ ಕಾರಣ ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಆಮೇಲೆ ಹೇಳಿದರು. ಇಸಿಜಿಯಲ್ಲಿ ಗೆರೆಗಳು ಇರಬೇಕಾದಂತೆ ಇರಲಿಲ್ಲ. ರಕ್ತದಲ್ಲಿ ಪೊಟ್ಯಾಷಿಯಂ ಏರಿ ಕೂತಿತ್ತು. ಅದು ದೇಹಕ್ಕೆ ಬೇಕಾದದ್ದೇ; ಆದರೆ ಮಿತಿ ಮೀರಿದರೆ ಮೊದಲು ಕಾಲುಗಳನ್ನು ಸೋಲಿಸಿ ಕೊನೆಗೆ ಗುಂಡಿಗೆಯನ್ನೇ ನಿಲ್ಲಿಸಿಬಿಡುತ್ತದೆಯಂತೆ.

ಹೆಂಡತಿ ಬರುವಷ್ಟರಲ್ಲಿ ಅವನ ಎರಡೂ ಕೈಗೆ ಸೂಜಿ ಚುಚ್ಚಿದ್ದರು. ಸೂಜಿ ಚುಚ್ಚದಿರಲೆಂದು ಹಾಕಿಕೊಳ್ಳುವ ಹೊಲಿಗೆಯ ಬಟ್ಟಲು ಅವಳ ಬೆರಳಿನಲ್ಲಿ ಹಾಗೇ ಇತ್ತು, ತೆಗೆಯಲು ಮರೆತು ಬಂದಿದ್ದಳು. ನರ್ಸು ಇನ್ಸುಲಿನ್ ತಂದಳೆಂದು ಗೊತ್ತಾದ ಕೂಡಲೇ ಅವಳು ಮಂಚಕ್ಕೂ ನರ್ಸಿಗೂ ನಡುವೆ ನಿಂತಳು. ತನ್ನ ಗಂಡನಿಗೆ ಬಿ.ಪಿ., ಸಕ್ಕರೆ ಕಾಯಿಲೆ ಅಲ್ಲ. ಬೇರೆ ಯಾರದೋ ಮದ್ದು ತಂದಿದ್ದೀರಿ, ಇನ್ನೊಂದು ಸಲ ನೋಡಿ ಎಂದಳು. ಪೊಟ್ಯಾಷಿಯಂ ಇಳಿಸಲಿಕ್ಕೂ ಅದೇ ಕೊಡುತ್ತಾರೆ, ಸಕ್ಕರೆ ಬೀಳದಿರಲೆಂದು ಜೊತೆಗೆ ಗ್ಲೂಕೋಸೂ ಕೊಡುತ್ತೇವೆ ಎಂದು ನರ್ಸು ಬಿಡಿಸಿ ಹೇಳಿದ ಮೇಲೆಯೇ ದಾರಿ ಬಿಟ್ಟದ್ದು. ಮಂಚದ ಮೇಲಿದ್ದವನಿಗೆ ಆ ಸ್ಥಿತಿಯಲ್ಲೂ ಹೆಮ್ಮೆಯಾಯಿತು. ತನ್ನ ಪಾಲಿನ ‘ಬೇಡ’ಗಳನ್ನೂ ಸೇರಿಸಿ ಇವಳೇ ಹೇಳುತ್ತಾಳಲ್ಲ ಎಂದುಕೊಂಡ.

ಸಂಜೆ ನಾಡಿ ದಾರಿಗೆ ಬಂದ ಮೇಲೆ ಮೇಡಂ ಹೊರಗಿನ ಬೆಂಚಿನಲ್ಲಿ ಕೂತು ಅವಳಿಗೆ ಎಲ್ಲ ವಿವರಿಸಿದಳು. ಅವನು ನುಂಗುವ ಬಿ.ಪಿ. ಮಾತ್ರೆಯ ಗುಣವೇ ಪೊಟ್ಯಾಷಿಯಂ ಹೊರಹೋಗದಂತೆ ಸ್ವಲ್ಪ ಹಿಡಿದಿಡುವುದು. ಒಂದೇ ಇದ್ದರೆ ಭಯವಿಲ್ಲ, ಆಗಾಗ ರಕ್ತ ನೋಡಿದರೆ ಸಾಕು. ನೋವಿನ ಮಾತ್ರೆ ಮೂತ್ರಪಿಂಡದ ಕೆಲಸವನ್ನು ನಿಧಾನ ಮಾಡಿತು, ಬಿ.ಪಿ. ಇಳಿಯದೆ ಡಾಕ್ಟರು ಮಾತ್ರೆ ಹೆಚ್ಚಿಸಿದರು. ಅದರ ಮೇಲೆ ಆ ಉಪ್ಪು. ಸೋಡಿಯಂ ಕಡಿಮೆ ಮಾಡಿ ಅದರ ಜಾಗದಲ್ಲಿ ಪೊಟ್ಯಾಷಿಯಂ ತುಂಬಿರುವ ಉಪ್ಪು ಅದು. ಬರುವ ಬಾಗಿಲು ದೊಡ್ಡದಾಯಿತು, ಹೋಗುವ ಬಾಗಿಲು ಮುಚ್ಚಿತು.

“ನಾನೂ ಅದನ್ನೇ ತಿಂದೆನಲ್ಲ, ನಂಗೇನೂ ಆಗ್ಲಿಲ್ವಲ್ಲ,” ಎಂದಳು ಅವಳು.

“ನೀವು ಆ ಮಾತ್ರೆ ತಗೊಳ್ಳಲ್ವಲ್ಲ ಅಕ್ಕ. ಮೇಷ್ಟ್ರ ಮಾತ್ರೆಯೂ ಬೇರೆ ಜಾತಿದು, ಅದಕ್ಕೇ ಅವರಿಗೂ ಏನೂ ಆಗಿಲ್ಲ. ಕಾಯಿಲೆ ಒಂದೇ ಆದ್ರೂ ಮಾತ್ರೆ ಒಂದೇ ಅಲ್ಲ.”

ಅವಳು ಬೆರಳಿನ ಬಟ್ಟಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ರುಚಿ ಸಾಲದೆಂದು ಒಂದು ಚಮಚ ಜಾಸ್ತಿಯೇ ಹಾಕುತ್ತಿದ್ದೆ, ನನ್ನ ಕೈಯಾರೆ ಎಂದು ಅಷ್ಟೇ ಹೇಳಿದಳು. ಮೇಡಂ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಆ ದಿನದಿಂದ ಅವರಿಬ್ಬರೂ ಅಕ್ಕತಂಗಿಯರ ಹಾಗಾದರು.

ನಾಲ್ಕು ದಿನಕ್ಕೆ ಅವನನ್ನು ಮನೆಗೆ ಕಳಿಸಿದರು. ಮೂತ್ರಪಿಂಡ ಮತ್ತೆ ತನ್ನ ಕೆಲಸ ಹಿಡಿಯಿತು. ಬಿ.ಪಿ.ಗೆ ಬೇರೆ ಗುಂಪಿನ ಮಾತ್ರೆ ಕೊಟ್ಟರು. ಮಂಡಿಗೆ ಶಾಖ, ಒಂದಿಷ್ಟು ವ್ಯಾಯಾಮ, ತೀರಾ ನೋವಾದರೆ ಡಾಕ್ಟರು ಹೇಳಿದ ಸಾದಾ ಮಾತ್ರೆ. ಟೆಂಪೋದ ಡ್ರೈವರು ವಿಷಯ ತಿಳಿದು ಮನೆಗೆ ಬಂದ. ಹೊಸಿಲಿನಾಚೆಯೇ ನಿಂತ, ಒಳಗೆ ಬರಲಿಲ್ಲ. ಹೆಂಡತಿ ಅವನನ್ನು ಅಲ್ಲಿಯೇ ನಿಲ್ಲಿಸಿಕೊಂಡು ತನ್ನ ಎರಡು ಮಾತು ಆಡಿ ಮುಗಿಸಿದಳು, ಆಮೇಲೆ ಒಳಗೆ ಕರೆದು ಚಹಾ ಕೊಟ್ಟಳು. ಅವನು ಚಹಾ ಮುಟ್ಟಲಿಲ್ಲ. ತಾನೂ ಮೂರು ವರ್ಷದಿಂದ ಅದೇ ಮಾತ್ರೆ ನುಂಗುತ್ತಿದ್ದೇನೆ, ಈಗ ತನಗೇ ಭಯ ಎಂದ. ಮರುದಿನ ಅವಳೇ ಅವನನ್ನು ಕ್ಲಿನಿಕ್ಕಿಗೆ ಕಳಿಸಿದಳು.

ಹನ್ನೊಂದನೆಯ ದಿನ, ಗುರುವಾರ, ಅವನು ಅಂಗಡಿ ತೆರೆದ. ಬೀದಿಯವರೆಲ್ಲ ಬಂದರು; ಕೂದಲು ಬೆಳೆದವರೂ ಬಂದರು, ಬೆಳೆಯದವರೂ ಬಂದರು. ಬಾರದವರು ಮೇಷ್ಟ್ರೊಬ್ಬರೇ. ಆ ಗುರುವಾರ ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಸೋಮವಾರವೂ ಅಷ್ಟೆ. ಮುಂದಿನ ಗುರುವಾರವೂ ಅವರ ಸುಳಿವಿಲ್ಲ. ಬೇರೆ ಅಂಗಡಿಗೆ ಹೋಗುತ್ತಿದ್ದಾರೆಯೇ ಎಂದು ವಿಚಾರಿಸಿದರೆ, ಗಡ್ಡ ಬಿಟ್ಟಿದ್ದಾರೆ, ಮನೆಯಿಂದ ಹೊರಗೇ ಬರುತ್ತಿಲ್ಲ ಎಂದರು. ಅವನಿಗೆ ಆ ದಿನ ಮಾಡಿದ ಕೆಲಸವೆಲ್ಲ ಅರೆಮನಸ್ಸಿನದಾಯಿತು.

ಮಂಗಳವಾರ ರಜೆ. ಅವನು ಕತ್ತಿ, ಬ್ರಷ್ಷು, ಸೋಪು, ಬಿಳಿ ಬಟ್ಟೆ ಒಂದು ಚೀಲಕ್ಕೆ ಹಾಕಿಕೊಂಡು ಮೇಷ್ಟ್ರ ಮನೆಗೆ ನಡೆದ. ಬಾಗಿಲು ತೆರೆದ ಮೇಷ್ಟ್ರ ತಂಗಿ ಅವನನ್ನು ನೋಡಿ ಕಣ್ಣೊರೆಸಿಕೊಂಡರು. ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು. ಆವತ್ತಿನಿಂದ ಅಣ್ಣ ಆ ಉಪ್ಪನ್ನು ಕಸಕ್ಕೆ ಹಾಕಿದ್ದಾನೆ. ಅಷ್ಟೇ ಆಗಿದ್ದರೆ ಸರಿ, ತನ್ನ ಬಿ.ಪಿ. ಮಾತ್ರೆಯನ್ನೂ ಬಿಟ್ಟಿದ್ದಾನೆ. ಕೇಳಿದರೆ ಇದರಲ್ಲಿ ಯಾವುದು ಯಾವುದರ ಜೊತೆ ಸೇರಿ ಏನು ಮಾಡುತ್ತದೋ ಯಾರಿಗೆ ಗೊತ್ತು, ಇಷ್ಟು ವರ್ಷ ಎಲ್ಲ ತಿಳಿದವನ ಹಾಗೆ ಮೆರೆದೆ, ಸಾಕು ಅನ್ನುತ್ತಾನೆ. ಮೂರು ದಿನದಿಂದ ತಲೆನೋವು, ಪೇಪರಿನ ಅಕ್ಷರ ಮಂಜಾಗಿ ಕಾಣುತ್ತದಂತೆ.

ಮೇಷ್ಟ್ರು ಕಿಟಕಿಯ ಪಕ್ಕ ಕೂತಿದ್ದರು. ಬಿಳಿ ಗಡ್ಡದಲ್ಲಿ ಮುಖ ಚಿಕ್ಕದಾಗಿ ಕಾಣುತ್ತಿತ್ತು. ಅವನನ್ನು ಕಂಡು ಎದ್ದು ನಿಲ್ಲಲು ಹೋದರು. ಮೇಷ್ಟ್ರು ತನಗಾಗಿ ಎದ್ದು ನಿಲ್ಲುವುದನ್ನು ನೋಡಲಾರದೆ ಅವನು ಬೇಗ ಹೋಗಿ ಹೆಗಲು ಹಿಡಿದು ಕೂರಿಸಿದ. ಬಟ್ಟೆ ಕಟ್ಟಿದ, ಬಿಸಿನೀರು ಕೇಳಿ ತರಿಸಿಕೊಂಡ, ನೊರೆ ಹಚ್ಚಿದ. ಬೆಳೆದ ಗಡ್ಡವಾದ್ದರಿಂದ ಮೊದಲು ಕತ್ತರಿ ಆಡಿಸಿ, ಆಮೇಲೆ ಬಲಗೆನ್ನೆಯನ್ನು ನುಣ್ಣಗೆ ಮಾಡಿದ. ಆಮೇಲೆ ಕತ್ತಿ ಮಡಿಚಿದ.

“ಮೇಷ್ಟ್ರೇ, ಈಗ ಔಷಧಿ ಅಂಗಡಿಗೆ ಹೋಗಿ ಬಿ.ಪಿ. ನೋಡಿಸೋಣ.”

“ನಾನು ಎಲ್ಲಿಗೂ ಬರಲ್ಲ. ನಿನ್ನ ಕೆಲಸ ಮುಗಿಸು.”

“ಆಗಲ್ಲ.”

ಮೇಷ್ಟ್ರು ತಲೆಯೆತ್ತಿದರು. “ಏನಂದೆ?”

“ಆಗಲ್ಲ ಅಂದೆ ಮೇಷ್ಟ್ರೇ. ನೀವು ಹೂಂ ಅನ್ನೋ ತನಕ ಇನ್ನೊಂದು ಕೆನ್ನೆ ಮುಟ್ಟಲ್ಲ.”

ಏಳರ ಮಗ್ಗಿ ತಪ್ಪಿದಾಗಲೂ ಅವನು ಇಷ್ಟು ಹೆದರಿರಲಿಲ್ಲ. ಮೇಷ್ಟ್ರು ಸಿಟ್ಟಾದರು, ಕಿಟಕಿಯ ಕಡೆ ತಿರುಗಿದರು. ನಿನ್ನನ್ನು ಕೊಂದುಬಿಡುತ್ತಿದ್ದೆನಲ್ಲೋ ಎಂದು ಗೋಡೆಗೆ ಹೇಳುವಂತೆ ಹೇಳಿದರು. ಅವನು ಕಿಟಕಿಯ ಕಡೆಗೆ ಸುತ್ತಿ ಬಂದು ಅವರ ಎದುರಿಗೆ ನಿಂತ.

“ನೀವು ಕೊಟ್ಟಿದ್ದು ತಪ್ಪಲ್ಲ ಮೇಷ್ಟ್ರೇ. ಬೇರೆ ಏನಾದ್ರೂ ತಗೋತೀಯಾ ಅಂತ ನನ್ನ ಡಾಕ್ಟ್ರು ಕೇಳಿದ್ರು, ಮೇಡಂ ಕೇಳಿದ್ರು. ರಕ್ತ ಪರೀಕ್ಷೆ ಮಾಡಿಸು ಅಂತ ಚೀಟಿ ಕೊಟ್ರು, ಅದನ್ನ ಕನ್ನಡಿಗೆ ಸಿಕ್ಕಿಸಿಟ್ಟೆ. ನಾನು ಎಲ್ಲರಿಗೂ ಹೂಂ ಅಂದೆ, ಯಾರಿಗೂ ನಿಜ ಹೇಳಲಿಲ್ಲ. ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ಆವತ್ತು ಸಾಯೋ ಹೊತ್ತಲ್ಲೂ ಬಾಯಿ ಮುಚ್ಕೊಂಡೆ. ನೀವೇ ಹೇಳಿ ಉಳಿಸಿದ್ರಿ. ಈಗ ನೀವು ಹೋಗಿಬಿಟ್ರೆ ನಾನು ಯಾರಿಗೆ ಗಡ್ಡ ತೆಗೀಲಿ?”

ಇಷ್ಟು ಉದ್ದದ ಮಾತನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಅಳುವೋ ನಗುವೋ ತಿಳಿಯಲಿಲ್ಲ. ಮೇಷ್ಟ್ರು ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ನೊರೆ ಇಟ್ಟುಕೊಂಡೇ ಅವನ ಕಡೆ ತಿರುಗಿ “ಹೂಂ” ಅಂದರು. ಅವನು ಎಡಗೆನ್ನೆಯನ್ನು ಮಗುವಿನ ಕೆನ್ನೆಯ ಹಾಗೆ ಮಾಡಿ, ಪಟಿಕ ಸವರಿ, ಚಪ್ಪಲಿ ತಂದು ಕಾಲಿನ ಬಳಿ ಇಟ್ಟ.

ಮೇಡಂ ನೋಡಿದಾಗ ಬಿ.ಪಿ. ನೂರ ತೊಂಬತ್ತು ದಾಟಿತ್ತು. ಅಲ್ಲಿಂದ ನೇರ ಕ್ಲಿನಿಕ್ಕಿಗೆ. ಇನ್ನೆರಡು ದಿನ ಹೀಗೇ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಹಳೆಯ ಮಾತ್ರೆಯನ್ನೇ ಮತ್ತೆ ಶುರುಮಾಡಿದರು. ಹೆಚ್ಚಿಗೆ ನುಂಗುವುದು ಎಷ್ಟು ತಪ್ಪೋ ಕೇಳದೆ ಬಿಡುವುದೂ ಅಷ್ಟೇ ತಪ್ಪು ಎಂದು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿದರು. ಆ ವಾರವೇ ಮೇಡಂ ಇಬ್ಬರ ಮನೆಯಲ್ಲಿರುವ ಮಾತ್ರೆ, ಟಾನಿಕ್ಕು, ಮುಲಾಮು, ಪುಡಿ, ಉಪ್ಪು ಎಲ್ಲವನ್ನೂ ಒಂದೊಂದು ಚೀಲದಲ್ಲಿ ತರಿಸಿದಳು. ಗಲ್ಲಾದ ಮೇಲೆ ಸುರಿದು ವಿಂಗಡಿಸಿದಳು. ಮೇಷ್ಟ್ರ ಚೀಲದಲ್ಲಿ ಅವಧಿ ಮುಗಿದು ಆರು ವರ್ಷವಾದ ಕಣ್ಣಿನ ಹನಿ ಸಿಕ್ಕಿತು. ಇವನ ಚೀಲದಲ್ಲಿ ಯಾರೋ ಕೊಟ್ಟಿದ್ದ, ಯಾವುದಕ್ಕೆಂದು ಅವನಿಗೇ ನೆನಪಿಲ್ಲದ ಮೂರು ಬಗೆಯ ಮಾತ್ರೆಗಳು. ಉಳಿದವುಗಳ ಹೆಸರನ್ನು ಇಬ್ಬರಿಗೂ ಒಂದೊಂದು ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದು ಕೊಟ್ಟಳು. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ತೋರಿಸಿ ಎಂದಳು.

ಜನ ಸಲಹೆ ಕೊಡುವುದನ್ನು ಬಿಟ್ಟರೆಂದಲ್ಲ. ಈಗಲೂ ಕುರ್ಚಿಯಲ್ಲಿ ಕೂತವರು ಮಂಡಿಗೆ ಇಂಥದ್ದು, ನಿದ್ದೆಗೆ ಅಂಥದ್ದು ಎನ್ನುತ್ತಾರೆ. ಅವನು ಕೇಳಿಸಿಕೊಳ್ಳುತ್ತಾನೆ. ಎದುರಿನ ಅಂಗಡಿಯ ಮೇಡಮ್ಮನ್ನು ಕೇಳಿ ನೋಡುತ್ತೇನೆ ಎಂದು ಹೇಳಿ ಕತ್ತರಿ ಆಡಿಸುವುದನ್ನು ಮುಂದುವರಿಸುತ್ತಾನೆ. ಅದರಿಂದ ಯಾರೂ ಬೇಸರಪಟ್ಟುಕೊಂಡಿಲ್ಲ. ತನ್ನ ‘ಬೇಡ’ ಕೇಳಿ ಯಾರೂ ಸಾಯುವುದಿಲ್ಲ ಎಂದು ಅವನಿಗೆ ತಿಳಿಯಲು ಐವತ್ತಾರು ವರ್ಷ ಬೇಕಾಯಿತು. ಟೆಂಪೋದ ಡ್ರೈವರು ಎಲ್ಲಿಂದಲೋ ಗಾಲಿ ಇರುವ ಎತ್ತರದ ಸ್ಟೂಲೊಂದನ್ನು ತಂದುಕೊಟ್ಟಿದ್ದಾನೆ. ಅದರ ಮೇಲೆ ಕೂತು, ಗಿರಾಕಿಯ ಸುತ್ತ ಉರುಳುತ್ತ ಕೆಲಸ ಮಾಡಿದರೆ ಮಂಡಿಗೆ ಅರ್ಧ ಆರಾಮ. ಮೊದಮೊದಲು ಬೀದಿಯವರು ನಕ್ಕರು, ಈಗ ರೂಢಿಯಾಗಿದೆ.

ಮೂರು ತಿಂಗಳಿಗೊಮ್ಮೆ ಬೆಳಗ್ಗೆ ಮೇಷ್ಟ್ರೂ ಅವನೂ ಒಟ್ಟಿಗೆ ರಕ್ತ ಪರೀಕ್ಷೆಗೆ ನಡೆದು ಹೋಗುತ್ತಾರೆ. ಸೂಜಿ ಎಂದರೆ ಮೇಷ್ಟ್ರಿಗೆ ಭಯ. ಆ ಕಡೆ ಮುಖ ತಿರುಗಿಸಿ ಅವನ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಮುಗಿದ ಮೇಲೆ ಪಕ್ಕದ ಹೋಟೆಲಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಾರೆ. ಹೋದ ಸಲ ಇಬ್ಬರ ಅಂಕಿಗಳೂ ಚೆನ್ನಾಗಿ ಬಂದಿದ್ದವು. ವರದಿಯನ್ನು ಎರಡು ಸಲ ಓದಿ ಮೇಷ್ಟ್ರು ಅವನ ಬೆನ್ನು ತಟ್ಟಿದರು, ಬಿಸಿಲೇರುವ ಮುಂಚೆ ಅಂಗಡಿ ತೆರೆಯಬೇಕೆಂದು ಅವನು ಅವರನ್ನು ಮೆಲ್ಲಗೆ ಎಬ್ಬಿಸಿಕೊಂಡು ಹೊರಟ.